ಪಡಸಾಲೆಯ ಗೋಡೆಚಿತ್ರ: ಕೈ ಎಲ್ಲಿ, ಯಂತ್ರ ಎಲ್ಲಿ?

ಬಾಗಲಕೋಟೆಯ ನವನಗರದಲ್ಲಿ ವಾಸ್ತುಶಾಂತಿ ಊಟಕ್ಕೆ ಹೋದರೆ ಉಡುಗೊರೆಗಳ ನಡುವೆ ಚೌಕಟ್ಟು ಹಾಕಿದ ಒಂದಾದರೂ ಚಿತ್ರ ಕಾಣುತ್ತದೆ. ಓಡುವ ಏಳು ಕುದುರೆ, ಬುದ್ಧ, ರಾಧಾಕೃಷ್ಣ, ಇಲ್ಲವೇ ಜಲಪಾತ. ಚಿತ್ರಕಲೆ ಓದುವ ನಾವು ಇವನ್ನು ನೋಡಿ ಮೂಗು ಮುರಿಯುವುದೇ ಜಾಸ್ತಿ. ಆದರೆ ಮುದ್ರಣ ಕಲೆಯ ಪಾಠಕ್ಕೆ ಇವಕ್ಕಿಂತ ಒಳ್ಳೆಯ ಮಾದರಿ ಹತ್ತಿರದಲ್ಲಿ ಸಿಗುವುದಿಲ್ಲ.

ಇವನ್ನು ಓದುವಾಗ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಕೈಯಿಂದ ಬಿಡಿಸಿದ್ದು ಒಂದೇ ಒಂದು, ಯಂತ್ರದ್ದು ಸಾವಿರ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೈಯಿಂದಲೂ ಸಾವಿರ ಮಾಡಬಹುದು. ಯಂತ್ರದ ಪ್ರತಿಯ ಮೇಲೂ ಕೈ ಆಡಿರಬಹುದು.

ಮೊದಲು ಕಲ್ಲಚ್ಚಿನ ಕಾಲ, ಅಂದರೆ ಕಲ್ಲಿನ ಮೇಲೆ ಚಿತ್ರ ಬಿಡಿಸಿ ಕಾಗದಕ್ಕೆ ಒತ್ತುತ್ತಿದ್ದ ಕಾಲ. ರಾಜಾ ರವಿವರ್ಮನ ತೈಲಚಿತ್ರಗಳು ಮೊದಲಿಗೆ ಅರಮನೆಗಳಿಗೆ ಸೀಮಿತ. ಅವುಗಳ ಮುದ್ರಿತ ಪ್ರತಿ ಮಾಡಿಸಬೇಕೆಂದು, ತಿರುವಾಂಕೂರು ಮತ್ತು ಬರೋಡಾದಲ್ಲಿ ದಿವಾನರಾಗಿದ್ದ ಟಿ. ಮಾಧವರಾವ್ 1884ರಲ್ಲೇ ಅವನಿಗೆ ಪತ್ರ ಬರೆದಿದ್ದರು. 1894ರಲ್ಲಿ ಮುಂಬೈನಲ್ಲಿ ರವಿವರ್ಮನ ಮುದ್ರಣಾಲಯ ಶುರುವಾಯಿತು. ಯಂತ್ರ ಜರ್ಮನಿಯದು, ತಂತ್ರಜ್ಞರೂ ಅಲ್ಲಿಯವರೇ. ಆಮೇಲೆ ಅದು ಲೋಣಾವಳಾ ಹತ್ತಿರದ ಮಳವಲಿಗೆ ಹೋಯಿತು. ಕೊನೆಗೆ ಫ್ರಿಟ್ಜ್ ಶ್ಲೈಖರ್ ಎಂಬ ಜರ್ಮನ್ ತಂತ್ರಜ್ಞ ಅದನ್ನು ಕೊಂಡುಕೊಂಡ.

ಇಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದೇ ಮುಖ್ಯ. ಒಂದೊಂದು ಬಣ್ಣಕ್ಕೂ ಒಂದೊಂದು ಸುಣ್ಣದ ಕಲ್ಲು. ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ, ಶಾಯಿಯಿಂದ ಚಿತ್ರದ ಆ ಬಣ್ಣದ ಭಾಗವನ್ನಷ್ಟೇ ಕೈಯಿಂದ ಬಿಡಿಸಬೇಕು. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸುತ್ತಾರೆ. ಜಿಡ್ಡಿದ್ದ ಕಡೆ ಶಾಯಿ ಹಿಡಿಯುತ್ತದೆ, ನೀರಿದ್ದ ಕಡೆ ಹಿಡಿಯುವುದಿಲ್ಲ. ಅದೇ ಕಾಗದವನ್ನು ಒಂದಾದ ಮೇಲೊಂದು ಕಲ್ಲಿಗೆ ಒತ್ತುತ್ತಾ ಹೋದರೆ ಪೂರ್ತಿ ಚಿತ್ರ. ಕೂದಲೆಳೆಯಷ್ಟು ಸರಿದರೂ ಲಕ್ಷ್ಮಿಯ ತುಟಿಯ ಕೆಂಪು ಕೆನ್ನೆಗೆ ಹೋಗುತ್ತದೆ! ಕೊನೆಗೆ ವಾರ್ನಿಷ್ ಹಚ್ಚಿ, ಕ್ಯಾನ್ವಾಸಿನ ನೇಯ್ಗೆ ಕಾಣುವಂತೆ ಉಬ್ಬು ಒತ್ತಿದರೆ ಅದೇ ಓಲಿಯೊಗ್ರಾಫ್. ಇದು ಯಂತ್ರದ ಪ್ರತಿ, ಸರಿ. ಆದರೆ ಪ್ರತಿ ಕಲ್ಲಿನ ಮೇಲೂ ಒಬ್ಬ ಕಲಾವಿದನ ಕೈ ಇದೆ.

ಅಷ್ಟಕ್ಕೇ ಮುಗಿಯಲಿಲ್ಲ. ಕೊಂಡವರು ದೇವಿಯ ಸೀರೆಗೆ ಜರಿ, ಚಮಕಿ, ಮಣಿ ಹೊಲಿಸಿ ಗಾಜು ಹಾಕಿಸುತ್ತಿದ್ದರು. ಅಂಥವು ಈಗಲೂ ಹಳೆಯ ಸಂಗ್ರಹಗಳಲ್ಲಿ ಸಿಗುತ್ತವೆ. ಸಾವಿರ ಪ್ರತಿಗಳಲ್ಲಿ ಒಂದಾಗಿದ್ದದ್ದು ಹಾಗೆ ಆ ಮನೆಯದ್ದೇ ಆಗುತ್ತಿತ್ತು.

ಈಗ ತದ್ವಿರುದ್ಧ ಉದಾಹರಣೆ. ಚೀನಾದ ಶೆನ್‌ಜೆನ್ ನಗರದಲ್ಲಿ ದಾಫೆನ್ ಅನ್ನುವ ಹಳ್ಳಿ. 1989ರಲ್ಲಿ ಹುವಾಂಗ್ ಜಿಯಾಂಗ್ ಎಂಬ ವ್ಯಾಪಾರಿ ಸುಮಾರು 20 ಚಿತ್ರಗಾರರನ್ನು ಕರೆದುಕೊಂಡು ಬಂದು ಅಲ್ಲಿ ತೈಲಚಿತ್ರಗಳ ಪ್ರತಿಗಳನ್ನು ಕೈಯಿಂದ ಬಿಡಿಸುವ ಕೆಲಸ ಶುರುಮಾಡಿದ. ಮುಂದೆ ಸಾವಿರಾರು ಜನ ಸೇರಿದರು. ದೊಡ್ಡ ಆರ್ಡರ್ ಬಂದಾಗ ಕ್ಯಾನ್ವಾಸುಗಳನ್ನು ಸಾಲಾಗಿ ತೂಗುಹಾಕಿ, ಒಬ್ಬ ಆಕಾಶ, ಇನ್ನೊಬ್ಬ ಮರ, ಮತ್ತೊಬ್ಬ ನೀರು ಎಂದು ಹಂಚಿಕೊಂಡು ಬಿಡಿಸುವುದೂ ಇತ್ತು. ಪ್ರತಿ ಚಿತ್ರವೂ ನಿಜವಾದ ಬಣ್ಣ, ನಿಜವಾದ ಕುಂಚ. ಆದರೂ ಅದು ಸಾಮೂಹಿಕ ಉತ್ಪಾದನೆಯೇ. 2008ರ ಆರ್ಥಿಕ ಕುಸಿತದಲ್ಲಿ ವಿದೇಶದ ಆರ್ಡರ್ ಕಡಿಮೆಯಾದ ಮೇಲೆ ಅಲ್ಲಿನವರು ಚೀನಾದ ಮನೆಗಳಿಗೂ ಮಾರತೊಡಗಿದರು, ಕೆಲವರು ಸ್ವಂತ ಚಿತ್ರಗಳನ್ನೂ ಬಿಡಿಸತೊಡಗಿದರು. ಹಾಗಾಗಿ ಅಂಗಡಿಯವನು 'ಹ್ಯಾಂಡ್‌ಮೇಡ್ ಐತ್ರಿ' ಅಂದರೆ ಅದು ಸುಳ್ಳೇನಲ್ಲ. ಆದರೆ ಎಷ್ಟು ಕೈ, ಎಷ್ಟು ಪ್ರತಿ ಅನ್ನುವುದು ಆ ಮಾತಿನಿಂದ ಗೊತ್ತಾಗುವುದಿಲ್ಲ, ಅಲ್ವಾ?

ನಮ್ಮ ಪೇಟೆಯಲ್ಲಿ ಈಗ ಜಾಸ್ತಿ ಸಿಗುವುದು ಮೂರನೆಯ ಬಗೆ. ಕಂಪ್ಯೂಟರ್ ಫೈಲಿನಿಂದ ನೇರವಾಗಿ ಕ್ಯಾನ್ವಾಸ್ ಮೇಲೆ ಇಂಕ್‌ಜೆಟ್ ಮುದ್ರಣ, ಅಂದರೆ ಶಾಯಿಯ ಸಣ್ಣ ಹನಿ ಚಿಮ್ಮಿಸುವ ಮುದ್ರಣ. ಕೆಲವಕ್ಕೆ ಮೇಲೆ ಪಾರದರ್ಶಕ ಜೆಲ್ ಅನ್ನು ಕುಂಚದಿಂದ ಬಳಿದಿರುತ್ತಾರೆ, ದಪ್ಪ ಬಣ್ಣದ ಭ್ರಮೆ ಬರಲಿ ಎಂದು. ಚೌಕಟ್ಟು ಮರದ್ದೆಂದು ಕಂಡರೂ ಹಲವು ಸಲ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಒಂದೇ ಚಿತ್ರವನ್ನು ಐದು ಪಟ್ಟಿಯಾಗಿ ಕತ್ತರಿಸಿ ಮಾರುವುದೂ ಇದೆ. ಉದ್ದ ಗೋಡೆ ತುಂಬುತ್ತದೆ, ಪೆಟ್ಟಿಗೆ ಮಾತ್ರ ಚಿಕ್ಕದು. ಚಿತ್ರದ ಅಗಲ ಸೋಫಾದ ಮೂರನೇ ಎರಡರಷ್ಟಿರಲಿ ಎನ್ನುವುದು ಒಳಾಂಗಣ ವಿನ್ಯಾಸಗಾರರ ರೂಢಿ. ಅಂದರೆ ಚಿತ್ರದ ಅಳತೆ ಹೇಳುವುದು ಕಲಾವಿದನಲ್ಲ, ಸೋಫಾ! ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅರಮನೆಯ ಚಿತ್ರಗಳೂ ಗೋಡೆ ನೋಡಿಯೇ ತಯಾರಾಗುತ್ತಿದ್ದವು.

ಗುರುತಿಸುವುದು ಹೇಗೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಒಂದಿದ್ದರೆ ಸಾಕು. ಆಫ್‌ಸೆಟ್ ಯಂತ್ರದಲ್ಲಿ (ತಗಡಿನಿಂದ ರಬ್ಬರಿಗೆ, ರಬ್ಬರಿನಿಂದ ಕಾಗದಕ್ಕೆ) ಅಚ್ಚಾದ ಕ್ಯಾಲೆಂಡರಿನಲ್ಲಿ ಚುಕ್ಕೆಗಳು ಸಾಲುಹಿಡಿದು ಪುಟ್ಟ ಹೂವಿನ ಆಕಾರ ಕಟ್ಟುತ್ತವೆ. ಇಂಕ್‌ಜೆಟ್‌ನಲ್ಲಿ ಸಾಲಿಲ್ಲ, ಸಿಂಪಡಿಸಿದ ಹಾಗೆ ಸೂಕ್ಷ್ಮ ಚುಕ್ಕೆ. ಹಳೆಯ ಕಲ್ಲಚ್ಚಿನಲ್ಲಿ ಚುಕ್ಕೆಗಳು ದಪ್ಪ, ಸಣ್ಣ, ಓರೆಕೋರೆ. ಕೈಯಿಂದ ಇಟ್ಟದ್ದಲ್ಲವೇ? ಜೆಲ್ ಹಚ್ಚಿದ್ದನ್ನು ಹಿಡಿಯಲು ಮೊಬೈಲ್ ಟಾರ್ಚನ್ನು ಬದಿಯಿಂದ ಬಿಡಿ. ಕುದುರೆಯ ಕಾಲು ಒಂದು ಕಡೆ ಹೋದರೆ ಕುಂಚದ ಗೀರು ಇನ್ನೊಂದು ಕಡೆ ಹೋಗಿರುತ್ತದೆ. ನಿಜವಾದ ಬಣ್ಣದಲ್ಲಿ ಗೀರು ಮತ್ತು ಬಣ್ಣ ಒಟ್ಟಿಗೇ ತಿರುಗುತ್ತವೆ.

ಬಿಸಿಲಿಗೆ ನೀಲಿಯಾಗಿಹೋದ ದೇವರ ಫೋಟೊಗಳನ್ನು ಕಟಿಂಗ್ ಅಂಗಡಿಗಳಲ್ಲಿ ನೋಡಿಯೇ ಇರುತ್ತೀರಿ. ನಾಲ್ಕು ಬಣ್ಣದ ಮುದ್ರಣದಲ್ಲಿ ಹಳದಿ ಮತ್ತು ಕೆನ್ನೇರಳೆ ಕೆಂಪು ಬೇಗ ಮಾಸುತ್ತವೆ, ನೀಲಿ ಮತ್ತು ಕಪ್ಪು ಉಳಿಯುತ್ತವೆ. ವಿಜಯಪುರದ ಬೇಸಿಗೆಯಲ್ಲಿ ಕಿಟಕಿಯ ಎದುರು ತೂಗುಹಾಕಿದರಂತೂ ಇನ್ನೂ ಬೇಗ. ಇಂಕ್‌ಜೆಟ್ ಕೊಳ್ಳುವಾಗ ಶಾಯಿ ಪಿಗ್ಮೆಂಟೋ (ಕರಗದ ಬಣ್ಣದ ಪುಡಿ) ಡೈಯೋ (ಕರಗಿದ ಬಣ್ಣ) ಕೇಳಿ. ಪಿಗ್ಮೆಂಟ್ ಜಾಸ್ತಿ ಬಾಳುತ್ತದೆ.

ಹಕ್ಕಿನ ಮಾತು

ಯಾವ ಅಂಗಡಿಗೆ ಹೋದರೂ ರವಿವರ್ಮ, ವ್ಯಾನ್ ಗೋ ಯಾಕೆ ಕಾಣುತ್ತಾರೆ? ಜನಪ್ರಿಯತೆ ಒಂದು ಕಾರಣ, ಕಾನೂನು ಇನ್ನೊಂದು. ನಮ್ಮಲ್ಲಿ ಚಿತ್ರದ ಹಕ್ಕುಸ್ವಾಮ್ಯ ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ವ್ಯಾನ್ ಗೋ ತೀರಿಕೊಂಡದ್ದು 1890ರಲ್ಲಿ, ರವಿವರ್ಮ 1906ರಲ್ಲಿ. ಅವರ ಚಿತ್ರ ಅಚ್ಚು ಹಾಕಲು ಈಗ ಯಾರ ಒಪ್ಪಿಗೆಯೂ ಬೇಡ. ಆದರೆ ಪೌರಾಣಿಕ ಕ್ಯಾಲೆಂಡರ್ ಚಿತ್ರಗಳಿಗೆ ಹೆಸರಾದ ಕಲಬುರಗಿಯ ಎಸ್.ಎಂ. ಪಂಡಿತ್ ತೀರಿಕೊಂಡದ್ದು 1993ರಲ್ಲಿ. ಅವರ ಚಿತ್ರಗಳಿಗೆ 2053ರ ಕೊನೆಯವರೆಗೂ ಹಕ್ಕು ಇರುತ್ತದೆ. ಅಂತರ್ಜಾಲದಲ್ಲಿ ಸಿಕ್ಕ ಏಳು ಕುದುರೆಯ ಫೈಲನ್ನು ಬೆಳಗಾವಿಯಲ್ಲೋ ಬಾಗಲಕೋಟೆಯಲ್ಲೋ ಕ್ಯಾನ್ವಾಸಿಗೆ ಇಳಿಸಿ ಮಾರುವ ಮೊದಲು, ಅದನ್ನು ಬಿಡಿಸಿದವರು ಯಾರೆಂದು ಕೇಳಲೇಬೇಕು.