ಹೆದರುವ ಮರಿಗೆ ಯಾರೂ ಹೊಡೆದಿರಬೇಕಿಲ್ಲ

ಫಾಸ್ಟರ್ ಮನೆಯಿಂದ, ಅಂದರೆ ಬೀದಿಮರಿಯನ್ನು ತಾತ್ಕಾಲಿಕವಾಗಿ ಸಾಕಿದವರ ಮನೆಯಿಂದ, ತಂದ ನಾಯಿಮರಿ ಮಂಚದ ಕೆಳಗೆ ಸೇರಿಕೊಂಡರೆ, ನೋಡಲು ಬಂದವರೆಲ್ಲ ಹೇಳುವುದು ಒಂದೇ ಮಾತು: "ಪಾಪ, ಯಾರೋ ಚೆನ್ನಾಗಿ ಹೊಡೆದಿರಬೇಕು." ಹೊಡೆದಿರಲೂಬಹುದು. ಆದರೆ ಒಂದೇ ಒಂದು ಏಟು ತಿನ್ನದೆಯೂ ಮರಿ ಹೀಗಾಗುತ್ತದೆ.

ಸುಮಾರು 3ನೇ ವಾರದಿಂದ 12ನೇ ವಾರದವರೆಗೆ ಮರಿಯ ತಲೆ ಒಂದು ಪಟ್ಟಿ ಬರೆದುಕೊಳ್ಳುತ್ತಿರುತ್ತದೆ. ಆಗ ಎದುರಾದ ಮನುಷ್ಯ, ಬೆಕ್ಕು, ಕುಕ್ಕರ್ ಸೀಟಿ, ಪೊರಕೆ, ಹೆಲ್ಮೆಟ್ ಹಾಕಿದ ತಲೆ ಎಲ್ಲವೂ 'ಮಾಮೂಲಿ'. ಆಮೇಲೆ ಬಂದದ್ದರ ಮೇಲೆಲ್ಲ ಅನುಮಾನ. ಅಮೆರಿಕದ ಬಾರ್ ಹಾರ್ಬರ್‌ನ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 1961ರಲ್ಲಿ ಪ್ರಕಟಿಸಿದರು. ಎತ್ತರದ ಬೇಲಿ ಹಾಕಿದ ಮೈದಾನದಲ್ಲಿ ಮರಿಗಳು ಬೆಳೆದವು. ಊಟಕ್ಕೆ ಕೊರತೆಯಿಲ್ಲ, ಮನುಷ್ಯರ ಸಹವಾಸ ಮಾತ್ರ ಇಲ್ಲ. ಬೇರೆ ಬೇರೆ ವಯಸ್ಸಿನ ಮರಿಗಳನ್ನು ಒಂದು ವಾರ ಮಾತ್ರ ಜನರ ಜೊತೆ ಬಿಟ್ಟರು. 14 ವಾರದವರೆಗೆ ಆ ಅವಕಾಶವೇ ಸಿಗದ ಮರಿಗಳು ಕಾಡುಪ್ರಾಣಿಗಳ ಹಾಗೆ ಬೆದರಿದವು. ಅವುಗಳಿಗೆ ಯಾರು ಹೊಡೆದಿದ್ದರು?

ಸ್ವಭಾವದಲ್ಲಿ ರಕ್ತದ ಪಾಲೂ ಇದೆ. ಸೈಬೀರಿಯಾದಲ್ಲಿ ತಳಿವಿಜ್ಞಾನಿ ಡಿಮಿಟ್ರಿ ಬೆಲ್ಯಾಯೆವ್ 1959ರಲ್ಲಿ ನರಿಗಳ ಮೇಲೆ ಒಂದು ಪ್ರಯೋಗ ಶುರು ಮಾಡಿದರು. ಮನುಷ್ಯರಿಗೆ ಕಡಿಮೆ ಹೆದರುವ ನರಿಗಳನ್ನೇ ಆರಿಸಿ ತಳಿ ಬೆಳೆಸುತ್ತಾ ಹೋದರು. ಮಾಮೂಲಿ ನರಿಮರಿಗೆ ಸುಮಾರು 6 ವಾರಕ್ಕೆ ಹೆದರಿಕೆ ಶುರುವಾದರೆ, ಈ ತಳಿಯ ಮರಿಗಳಿಗೆ ಅದು 9 ವಾರಕ್ಕೋ ಇನ್ನೂ ತಡವಾಗಿಯೋ ಬಂತು. ಆತಂಕದ ಹಾರ್ಮೋನು ಕಾರ್ಟಿಸಾಲ್ ಏರುವುದೂ ತಡವಾಯಿತು.

ಹಾಗಾಗಿ ಫಾಸ್ಟರ್ ಮಾಡಿದವರನ್ನು ಮರಿಯ ಕಷ್ಟದ ಕಥೆ ಕೇಳುವ ಬದಲು, ಎಷ್ಟನೇ ವಾರಕ್ಕೆ ಸಿಕ್ಕಿತು, ಮನೆಯಲ್ಲಿ ಏನೇನು ನೋಡಿದೆ ಅಂತ ಕೇಳಿ. ಮೋರಿ ಪೈಪಿನಲ್ಲಿ ಹುಟ್ಟಿ ಎರಡೂವರೆ ತಿಂಗಳಿಗೆ ಸಿಕ್ಕ ಮರಿಗೆ ಹೆಚ್ಚು ಸಮಯ ಉಳಿದಿರಲಿಲ್ಲ. ಲಸಿಕೆ ಮುಗಿಯುವ ತನಕ ಪಾರ್ವೊ ಎಂಬ ಮಾರಕ ವೈರಸ್ ರೋಗದ ಭಯ ಇದ್ದೇ ಇದೆ. ಅದಕ್ಕಂತ ಕೋಣೆಯಲ್ಲೇ ಕೂಡಿಹಾಕಬೇಡಿ. ನೆಲಕ್ಕೆ ಬಿಡದೆ, ತೋಳಲ್ಲಿ ಎತ್ತಿಕೊಂಡು ಗೇಟಿನ ಹತ್ತಿರ ನಿಂತು ಬೀದಿ ತೋರಿಸಬಹುದಲ್ವಾ?

ಅವಧಿ ಮೀರಿದ ಮರಿಗೂ ದಾರಿ ಇದೆ. ಅದು ಸಿಕ್ಕಿದ್ದು ನಾಯಿಯಿಂದಲ್ಲ, ಪೀಟರ್ ಎಂಬ ಮಗುವಿನಿಂದ. ಅವನಿಗೆ ಮೊಲ ಕಂಡರೆ ಭಯ. ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಅವನು ತಿನ್ನುತ್ತಿರುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ದಿನದಿಂದ ದಿನಕ್ಕೆ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುದ್ದು ಮಾಡಿದ. 1924ರಲ್ಲಿ ಇದನ್ನು ಬರೆಯುವಾಗ ಅವರು ಒಂದು ಎಚ್ಚರಿಕೆಯನ್ನೂ ಕೊಟ್ಟರು: ಅಜಾಗರೂಕರಾಗಿ ಮಾಡಿದರೆ ಊಟ ಕಂಡರೇ ಭಯ ಹುಟ್ಟೀತು.

ನಮ್ಮ ಮನೆಗಳಲ್ಲಿ ಆಗುವುದು ಬಹಳ ಸಲ ಅದೇ. ಬೇಯಿಸಿದ ಚಿಕನ್ ತುಂಡು ತೋರಿಸಿ ಮರಿಯನ್ನು ಕರೆಯುತ್ತೇವೆ. ಹತ್ತಿರ ಬಂದ ಕೂಡಲೇ ಗಪ್ಪನೆ ಹಿಡಿಯುತ್ತೇವೆ. ಚಿಕನ್ ಬಂದರೆ ಹಿಂದೆಯೇ ಕೈ ಬರುತ್ತದೆ ಅಂತ ಅದು ಕಲಿಯುತ್ತದೆ. ಕ್ರಮ ತಿರುಗಬೇಕು. ಮೊದಲು ನೀವು ಕಾಣಿಸಿಕೊಳ್ಳಿ, ದೂರದಲ್ಲಿ. ಆಮೇಲೆ ತುಂಡು ಎಸೆಯಿರಿ. ಸುಮ್ನೆ ಹೊರಟುಬಿಡಿ. ಮರಿ ಕುತ್ತಿಗೆಯನ್ನಷ್ಟೇ ಚಾಚಿ, ಹಿಂಗಾಲನ್ನು ಹಿಂದೆಯೇ ಊರಿ ತುಂಡು ಎತ್ತಿಕೊಂಡರೆ ನೀವಿನ್ನೂ ತುಂಬ ಹತ್ತಿರ ಇದ್ದೀರಿ ಅಂತ ಅರ್ಥ. ತಿನ್ನಲೇ ಇಲ್ಲ ಅಂದರೆ ಇನ್ನೂ ಹಿಂದೆ ಸರಿಯಿರಿ.

ತೊಡೆಯಿಂದ ತೊಡೆಗೆ ದಾಟಿಸುವಾಗ ಕಲ್ಲಿನಂತೆ ಕೂತ ಮರಿಯನ್ನು "ಎಷ್ಟು ಸಾಧು" ಅನ್ನುತ್ತಾರೆ. ಕಿವಿ ಹಿಂದಕ್ಕೆ ಅಂಟಿರುತ್ತದೆ, ಕಣ್ಣಿನ ಬಿಳಿ ಕಾಣುತ್ತಿರುತ್ತದೆ, ಮೂಗನ್ನು ಮತ್ತೆ ಮತ್ತೆ ನೆಕ್ಕುತ್ತಿರುತ್ತದೆ. ಅದು ಭಯದಿಂದ ಮರಗಟ್ಟಿದೆ. ಇನ್ನು ಕೆಲವರು ದೃಷ್ಟಿಯಾಗಿದೆ ಅಂತ ಕಪ್ಪು ದಾರ ತರುತ್ತಾರೆ. ದಾರದಿಂದ ತೊಂದರೆಯಿಲ್ಲ. ಅದನ್ನು ಕಟ್ಟಲು ಇಬ್ಬರು ಮರಿಯನ್ನು ಅದುಮಿ ಹಿಡಿಯುತ್ತಾರಲ್ಲ, ತೊಂದರೆ ಅದರಿಂದ.

ಭಯ ಹೋಯಿತು ಅಂದುಕೊಂಡಾಗ ದೀಪಾವಳಿ ಬರುತ್ತದೆ. ಒಂದು ಆಟಂಬಾಂಬ್ ಸಾಕು, ಮರಿ ಮತ್ತೆ ಮಂಚದ ಕೆಳಗೆ. ಹಳೇ ಬಣ್ಣದ ಮೇಲೆ ಸುಣ್ಣ ಬಳಿದ ಹಾಗೆ, ಹೊಸ ಪಾಠ ಹಳೇ ಭಯದ ಮೇಲೆ ಕೂತಿರುತ್ತದೆ, ಅದನ್ನು ಅಳಿಸಿರುವುದಿಲ್ಲ. ಆಗ ಎಳೆಯಲು ಹೋಗದೆ, ಬಾಗಿಲಾಚೆಯಿಂದ ಮತ್ತೆ ತುಂಡು ಎಸೆಯಲು ಶುರು ಮಾಡಿ. ಸಾಮಾನ್ಯವಾಗಿ ಎರಡನೇ ಸಲ ಅಷ್ಟು ತಡವಾಗುವುದಿಲ್ಲ.