ಮನೆ ಮೊದಲು ಬಂತು, ಪೈಪು ಆಮೇಲೆ: ಬೆಂಗಳೂರಿನ ಹೊರವಲಯ ಟ್ಯಾಂಕರ್‌ಗೆ ಕಾಯುವಂತಾಗಿದ್ದು ಹೇಗೆ?

ವರ್ತೂರು, ಪಣತ್ತೂರು, ಬೆಳ್ಳಂದೂರು ಕಡೆ ಮನೆ ಹುಡುಕುವವರು ಬಾಡಿಗೆಗಿಂತ ಮುಂಚೆ ನೀರಿನ ವಿಷಯ ಕೇಳುತ್ತಾರೆ. “ಕಾವೇರಿ ಇದೆಯಾ, ಬೋರಾ, ಟ್ಯಾಂಕರಾ?” ತಿಂಗಳ ಖರ್ಚು ಎಷ್ಟಾಗುತ್ತೆ, ಬೆಳಗ್ಗೆ ಎಷ್ಟು ಹೊತ್ತಿಗೆ ಏಳಬೇಕು, ಪಕ್ಕದ ಮನೆಯವರ ಜೊತೆ ಜಗಳ ಆಗುತ್ತಾ ಇಲ್ವಾ, ಎಲ್ಲಾ ಇದರ ಮೇಲೇ ನಿಂತಿರುತ್ತದೆ. ಬೇಸಿಗೆ ಬಂದಾಗ ಇದು ಟಿವಿ ಸುದ್ದಿಯಾಗುತ್ತದೆ. ಮಳೆ ಕೈಕೊಟ್ಟಿತು ಅನ್ನುತ್ತೇವೆ. ನನ್ನ ಪ್ರಕಾರ ಮಳೆಯ ಪಾಲು ಇದರಲ್ಲಿ ಕಡಿಮೆ. ಇಲ್ಲಿ ಮನೆಗಳು ಮೊದಲು ಬಂದವು, ನೀರಿನ ಪೈಪು ಹದಿನೈದಿಪ್ಪತ್ತು ವರ್ಷ ತಡವಾಯಿತು. ಆ ನಡುವಿನ ಜಾಗಕ್ಕೆ ಬೋರ್‌ವೆಲ್ ಬಂತು, ಬೋರ್ ಬತ್ತಿದ ಮೇಲೆ ಟ್ಯಾಂಕರ್ ಬಂತು.

ಹಳೇ ಬೆಂಗಳೂರಿಗೆ ನೀರು ಬಂದ ದಾರಿ ಬೇರೆ. 1896ರ ಹೊತ್ತಿಗೆ ಅರ್ಕಾವತಿ ನದಿಯ ಹೆಸರಘಟ್ಟದ ಕೆರೆಯಿಂದ ಕೊಳಾಯಿ ನೀರು ಬಂತು. ಅದು ಸಾಲದಾದಾಗ 1933ರಲ್ಲಿ ಅದೇ ಅರ್ಕಾವತಿಯ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿತು. 1964ರಲ್ಲಿ ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿಯ ಮೊದಲ ಹಂತ ಮುಗಿಯಿತು. ಈಗ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರು ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಪಂಪ್ ಆಗಿ, ಸುಮಾರು 100 ಕಿ.ಮೀ. ದಾಟಿ ಮೇಲೆ ಹತ್ತಿ ಬರುತ್ತದೆ. ನದಿ ತಗ್ಗಿನಲ್ಲಿದೆ, ಊರು ಗುಡ್ಡದ ಮೇಲಿದೆ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟಿಗೇ ಹೋಗುತ್ತದೆ.

ಇಷ್ಟೆಲ್ಲಾ ನಡೆಯುವಾಗ ವರ್ತೂರಿನಂಥ ಊರುಗಳು ಈ ಲೆಕ್ಕದಲ್ಲೇ ಇರಲಿಲ್ಲ. ಅವು ಹಳ್ಳಿಗಳು. ಕೆರೆ ಇತ್ತು, ಬಾವಿ ಇತ್ತು, ಆಮೇಲೆ ಪಂಚಾಯಿತಿ ಬೋರು ಮತ್ತು ತೊಂಬೆ ಬಂದವು. ಒಂದು ಹಳ್ಳಿಗೆ ಅದು ಸಾಕಾಗುತ್ತಿತ್ತು. 1990ರ ದಶಕದ ಕೊನೆಗೆ ವೈಟ್‌ಫೀಲ್ಡ್ ಕಡೆ ಐಟಿ ಪಾರ್ಕ್ ಶುರುವಾದ ಮೇಲೆ ಸುತ್ತಲಿನ ರಾಗಿ ಹೊಲಗಳು ಸೈಟುಗಳಾದವು. ಪಂಚಾಯಿತಿ ಖಾತೆ ಸಿಕ್ಕರೆ ಮನೆ ಕಟ್ಟಬಹುದಿತ್ತು. ನೀರು ಎಲ್ಲಿಂದ ಅಂತ ಕೇಳಿದರೆ “ಇನ್ನೆರಡು ವರ್ಷಕ್ಕೆ ಕಾವೇರಿ ಬರುತ್ತೆ” ಅನ್ನುವ ಉತ್ತರ ಸಿದ್ಧವಾಗಿರುತ್ತಿತ್ತು. ಸುಮ್ನೆ ಹೇಳಿದ ಮಾತಲ್ಲ, ಹೇಳಿದವರಲ್ಲಿ ಎಷ್ಟೋ ಜನ ಅದನ್ನು ನಂಬಿಯೇ ಇದ್ದರು.

2007ರ ಜನವರಿಯಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಹಳೇ ಪಾಲಿಕೆಗೆ ಸೇರಿಸಿ ಬಿಬಿಎಂಪಿ ಮಾಡಿದರು. ಸುಮಾರು 225 ಚದರ ಕಿ.ಮೀ. ಇದ್ದ ನಗರ ಒಂದೇ ಏಟಿಗೆ 700 ದಾಟಿತು. ತೆರಿಗೆ ಕೂಡಲೇ ಬಂತು, ನೀರು ಬರಲಿಲ್ಲ. ಮಹದೇವಪುರ, ಬೊಮ್ಮನಹಳ್ಳಿಯಂಥ ನಗರಸಭೆ ಪ್ರದೇಶದವರು ಆ ಹೊತ್ತಿಗಾಗಲೇ ಪೈಪ್ ಹಾಕಿಸಲು ಮುಂಗಡವಾಗಿ ವಂತಿಗೆ ಕಟ್ಟಿದ್ದರು. ಪೈಪು ನೆಲದಡಿ ಹೋಯಿತು, ವರ್ಷಗಟ್ಟಲೆ ಒಣಗಿಯೇ ಇತ್ತು. 2012ರಲ್ಲಿ ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟ ಮುಗಿದ ಮೇಲೆ ಅಲ್ಲಿಗೆ ನೀರು ಹರಿಯತೊಡಗಿತು. 110 ಹಳ್ಳಿಗಳಿಗೆ ಆಗಲೂ ಇಲ್ಲ.

ಹಾಗಾಗಿ ಎಲ್ಲರೂ ಬೋರ್ ಕೊರೆಸಿದರು. ಇಲ್ಲಿನ ನೆಲ ಗಟ್ಟಿ ಕಲ್ಲು. ಮೇಲಿನ ಮಣ್ಣು ಮತ್ತು ಸವೆದ ಕಲ್ಲಿನ ಪದರದಲ್ಲಿ ಮಳೆ ನೀರು ನಿಲ್ಲುತ್ತದೆ, ಹಳೇ ಬಾವಿಗಳಿಗೆ ಸಿಗುತ್ತಿದ್ದುದು ಅದೇ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು. ಬಿರುಕು ಸಿಕ್ಕರೆ ಪುಣ್ಯ. ಒಬ್ಬರು 600 ಅಡಿ ಹೋದರೆ ಪಕ್ಕದವರದು ಬತ್ತುತ್ತದೆ, ಅವರು ಸಾವಿರ ಅಡಿಗೆ ಇಳಿಯುತ್ತಾರೆ. ಮೇಲೆ ಕಾಂಕ್ರೀಟು ಹರಡಿದಷ್ಟೂ ಇಂಗುವುದು ಕಡಿಮೆ.

ಟ್ಯಾಂಕರ್ ನೀರು ಕೂಡ ಬಹುಪಾಲು ಇದೇ ನೆಲದ್ದು. ಒಂದಿಷ್ಟು ಆಚೆಗಿನ ಹೊಲದ ಬೋರಿನಿಂದ ಎತ್ತಿ ತರುತ್ತಾರೆ ಅಷ್ಟೇ.

ಈ ಕೊರತೆಯೇ ಎಷ್ಟೋ ಬಡಾವಣೆಗಳಲ್ಲಿ ನಿವಾಸಿಗಳ ಸಂಘ ಹುಟ್ಟಿಸಿತು. ಒಂದೇ ರಸ್ತೆಯಲ್ಲಿದ್ದೂ ಪರಿಚಯವಿಲ್ಲದವರು ಲೋಡ್ ಹಂಚಿಕೊಳ್ಳಲು ಮಾತಾಡಿಸತೊಡಗಿದರು. ಟ್ಯಾಂಕರ್ ಪೂರ್ತಿ ತುಂಬಿದೆಯಾ ಅಂತ ಮುಚ್ಚಳ ತೆಗೆದು ನೋಡುವವರು ಯಾರು, ಸಂಪ್ ತೊಳೆಸುವುದು ಯಾವಾಗ, ಮೋಟರ್ ಹಾಕುವ ಹೊತ್ತು ಯಾವುದು, ಹೀಗೆ ಸಣ್ಣ ಸಣ್ಣ ಸಂಗತಿಗಳ ಮೇಲೆ ಸಭೆಗಳು ನಡೆದವು. ಇದರಲ್ಲಿ ಸೇರದವರೂ ಇದ್ದಾರೆ, ಅವರ ಕಷ್ಟ ನನ್ನನ್ನು ಜಾಸ್ತಿ ಕಾಡುತ್ತದೆ. ವಠಾರದ ಒಂದು ಕೋಣೆಯ ಮನೆಗೆ ಸಂಪ್ ಇಲ್ಲ. ಟ್ಯಾಂಕರ್ ಕರೆಸಿದರೂ ನೀರು ಹಾಕಿಸಿಕೊಳ್ಳಲು ಜಾಗವಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮುಗಿಸಿ ಬಂದ ಹೆಂಗಸರು ಕೊಡ ಹಿಡಿದು ಬೀದಿ ನಲ್ಲಿಯಲ್ಲಿ ನಿಲ್ಲಬೇಕು, ಕುಡಿಯಲು ಶುದ್ಧ ನೀರಿನ ಘಟಕದಲ್ಲಿ ದುಡ್ಡು ಹಾಕಿ 20 ಲೀಟರ್ ಕ್ಯಾನ್ ತುಂಬಿಸಬೇಕು. 2024ರ ಮಾರ್ಚ್‌ನಲ್ಲಿ ಎಷ್ಟೋ ಕಡೆ ಒಬ್ಬರಿಗೆ ಒಂದೇ ಕ್ಯಾನ್ ಅಂತ ಮಿತಿ ಹಾಕಿದ್ದರು.

2023ರ ಮಳೆ ಸೋತಿದ್ದರಿಂದ ಆ ಬೇಸಿಗೆಯಲ್ಲಿ ಎಲ್ಲವೂ ಒಟ್ಟಿಗೇ ಬಯಲಾಯಿತು. ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರ್ ದರಕ್ಕೆ ಮಿತಿ ಹಾಕಿದರು: 5 ಕಿ.ಮೀ. ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದರು.

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿತು. ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ ಆ 110 ಹಳ್ಳಿಗಳಿಗೆ. ಹದಿನೇಳು ವರ್ಷ ಕಾದಿದ್ದಕ್ಕೆ ಇದು ದೊಡ್ಡ ಸಮಾಧಾನ. ಆದರೆ ಮುಖ್ಯ ಪೈಪಿನಲ್ಲಿ ನೀರಿದ್ದರೂ ಕನೆಕ್ಷನ್ ತೆಗೆದುಕೊಳ್ಳಲು ಜನ ಹಿಂದೇಟು ಹಾಕಿದರು. ಕಾರಣ, ಶುರುವಿನಲ್ಲಿ ಕಟ್ಟಬೇಕಾದ ದುಡ್ಡು.

ಕಾವೇರಿ ಬಂತು ಅಂತ ಮಳೆ ನೀರನ್ನು ಮರೆತರೆ ಮುಂದಿನ ಬರಗಾಲಕ್ಕೆ ಮತ್ತೆ ಇದೇ ಪಾಡು. 30×40 ಸೈಟಿನ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಹದಿನಾರು ಹದಿನೇಳು ಲೋಡ್. ಅಷ್ಟೂ ಕೈಗೆ ಸಿಗುವುದಿಲ್ಲ, ಅರ್ಧ ಸಿಕ್ಕರೂ ಸಣ್ಣದಲ್ಲ. ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆಯವರು ಇದನ್ನು ಬಹಳ ಮುಂಚೆಯೇ ಮನಗಂಡರು. ಮನೆಗೊಂದು ಬೋರ್ ಬೇಡ ಅಂದರು, ಜಾಸ್ತಿ ಬಳಸಿದವರಿಗೆ ಜಾಸ್ತಿ ದರ ಇಟ್ಟರು, ಮಳೆ ನೀರನ್ನು ನೆಲಕ್ಕೆ ಇಳಿಸುವ ಇಂಗು ಬಾವಿ ತೋಡಿಸಿದರು. ಅದೇ ಬಡಾವಣೆ 2022ರ ಮಳೆಯಲ್ಲಿ ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಮೇಲಿನಿಂದ ಹರಿದು ಬರುವ ನೀರಿಗೆ ರಾಜಕಾಲುವೆ ಇಲ್ಲದಿದ್ದರೆ ಒಂದು ಬಡಾವಣೆ ಒಬ್ಬಂಟಿಯಾಗಿ ಏನೂ ಮಾಡಲಾಗದು.

ಇಂಗು ಬಾವಿಯನ್ನು ಸರಿಯಾಗಿ ತೋಡಲು ಗೊತ್ತಿರುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಸರ್ಜಾಪುರದ ಬಳಿಯ ಭೋವಿಪಾಳ್ಯದ ಮಣ್ಣುವಡ್ಡರು ತಲೆತಲಾಂತರದಿಂದ ಬಾವಿ ತೋಡುತ್ತಾ ಬಂದವರು. ಬೋರ್ ಬಂದ ಮೇಲೆ ಕಡಿಮೆಯಾಗಿದ್ದ ಅವರ ಕೆಲಸ ಇಂಗು ಬಾವಿಯಿಂದ ಮತ್ತೆ ಕುದುರಿದೆ. ಮಳೆಗಾಲಕ್ಕೆ ಮೊದಲೇ ಅವರನ್ನು ಕರೆಸಿ, ಮಣ್ಣು ನೋಡಿಸಿ.

ಇನ್ನು ಕನೆಕ್ಷನ್ ವಿಷಯ. ಅರ್ಜಿ ಹಾಕಬೇಕಾದವರು ಮನೆ ಮಾಲೀಕರು, ಟ್ಯಾಂಕರ್ ಮತ್ತು ಕ್ಯಾನಿನ ದುಡ್ಡು ಕೊಡುತ್ತಿರುವವರು ಬಾಡಿಗೆದಾರರು. ಹಾಗಾಗಿ ಅರ್ಜಿಯ ಅವಸರ ಮಾಲೀಕರಿಗೆ ತಟ್ಟುವುದೇ ಇಲ್ಲ. 2025ರಲ್ಲಿ ಜಲಮಂಡಳಿ ಕನೆಕ್ಷನ್ ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಟ್ಟಿತು. ಬಾಡಿಗೆ ಕರಾರು ಹೊಸದು ಮಾಡುವಾಗ ಆ ಮಾತು ಎತ್ತಿ, ಟ್ಯಾಂಕರ್ ಬಿಲ್ಲುಗಳನ್ನು ಮಾಲೀಕರ ಮುಂದೆ ಇಡಿ.