‘ಬಾರ್’ ಪದದ ಅರ್ಥವಿಸ್ತಾರ: ಅಗುಳಿಯಿಂದ ಅಳಿವೆಯವರೆಗೆ

ಇಂಗ್ಲಿಷಿನ ‘ಬಾರ್’ ಎಂಬ ಪದ ಮಂಗಳೂರಿನವರಿಗೆ ಹೊಸದಲ್ಲ. ಮದ್ಯದಂಗಡಿಯ ಫಲಕದಲ್ಲಿ, ವಕೀಲರ ಸಂಘದ ಹೆಸರಿನಲ್ಲಿ, ಸಾಬೂನಿನ ಹೊದಿಕೆಯ ಮೇಲೆ ಅದು ನಿತ್ಯ ಕಣ್ಣಿಗೆ ಬೀಳುತ್ತದೆ. ಈ ಅರ್ಥಗಳನ್ನು ಒಂದರ ಕೆಳಗೊಂದು ಬರೆದು ಉರುಹೊಡೆಯುವುದಕ್ಕಿಂತ ಅವು ಕವಲೊಡೆದ ಮೂಲವನ್ನು ಹಿಡಿಯುವುದು ಮೇಲೆಂದು ನನ್ನ ಅಭಿಪ್ರಾಯ. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಈ ಪದ ಆರಂಭದಲ್ಲಿ ಸೂಚಿಸುತ್ತಿದ್ದುದು ಬಾಗಿಲನ್ನು ಭದ್ರಪಡಿಸಲು ಅಡ್ಡಲಾಗಿ ಇಡುವ ದಂಡವನ್ನು, ಅಂದರೆ ನಮ್ಮ ಹಳೆಯ ಮನೆಗಳ ಅಗುಳಿಯನ್ನು.

ಅಗುಳಿಗೆ ಒಂದು ಆಕಾರವಿದೆ, ಒಂದು ಕೆಲಸವೂ ಇದೆ. ಉದ್ದನೆಯ ಆಕಾರದಿಂದ ಸಾಬೂನಿನ ಬಾರ್, ಚಿನ್ನದ ಗಟ್ಟಿ, ಬಾರ್ ಚಾರ್ಟ್, ಬಾರ್‌ಕೋಡ್ ಮುಂತಾದವು ಬಂದವು, ಇವುಗಳಲ್ಲಿ ಗೊಂದಲವಿಲ್ಲ. ತಡೆಯುವ ಕೆಲಸದಿಂದ ಹುಟ್ಟಿದ ಅರ್ಥಗಳೇ ಹೆಚ್ಚು ಗಮನ ಬೇಡುತ್ತವೆ.

ನ್ಯಾಯಾಲಯದಲ್ಲಿ ನ್ಯಾಯಾಧೀಶರ ಆವರಣವನ್ನು ಉಳಿದ ಜಾಗದಿಂದ ಬೇರ್ಪಡಿಸುವ ಅಡ್ಡಕಟ್ಟೆಗೆ ಬಾರ್ ಎಂಬ ಹೆಸರಿತ್ತು. ಅಲ್ಲಿ ನಿಂತು ವಾದಿಸುವವರ ಸಮೂಹಕ್ಕೂ ಅದೇ ಹೆಸರು ಅಂಟಿತು; ‘ಬ್ಯಾರಿಸ್ಟರ್’ ಎಂಬುದೂ, 1961ರ ವಕೀಲರ ಕಾಯ್ದೆಯಿಂದ ರಚಿತವಾದ ಭಾರತೀಯ ಬಾರ್ ಕೌನ್ಸಿಲಿನ ಹೆಸರೂ ಇದೇ ಎಳೆಯವು. ‘ಬೆಂಚ್ ಆಂಡ್ ಬಾರ್’ ಎಂದಾಗ ಮೊದಲನೆಯದು ನ್ಯಾಯಾಧೀಶರು, ಎರಡನೆಯದು ವಕೀಲರು. ಆದರೆ ಅದೇ ನ್ಯಾಯಾಲಯದಲ್ಲಿ ದಾವೆಯೊಂದು ‘ಟೈಮ್ ಬಾರ್ಡ್’ ಆಗಿದೆ ಎಂದರೆ ವಕೀಲರಿಗೆ ಸಂಬಂಧಿಸಿದ ಮಾತಲ್ಲ. 1963ರ ಕಾಲಮಿತಿ ಕಾಯ್ದೆ ವಿಧಿಸಿದ ಅವಧಿ ಮೀರಿರುವುದರಿಂದ ದಾವೆಗೆ ತಡೆ ಬಿದ್ದಿದೆ ಎಂದರ್ಥ. ಇಲ್ಲಿ ಪದ ಕ್ರಿಯಾಪದವಾಗಿದೆ ಎಂಬುದನ್ನು ಗುರುತಿಸಿದರೆ ಸಾಕು. ಮದ್ಯದಂಗಡಿಯ ಬಾರ್ ಕೂಡ ಮೂಲತಃ ಗಿರಾಕಿಗೂ ಬಡಿಸುವವನಿಗೂ ನಡುವಿನ ಅಡ್ಡಹಲಗೆಯೇ. ಹಲಗೆಯ ಹೆಸರು ಅಂಗಡಿಗೇ ಆಯಿತು.

ಕರಾವಳಿಯವರಾದ ನಮಗೆ ಅತ್ಯಂತ ಹತ್ತಿರದ ಅರ್ಥ ಬೇರೊಂದಿದೆ. ನದಿ ಸಮುದ್ರವನ್ನು ಸೇರುವಲ್ಲಿ ಹರಿವಿನ ವೇಗ ಕುಗ್ಗಿ ಹೊತ್ತುತಂದ ಮರಳು ಕೆಳಗಿಳಿಯುತ್ತದೆ, ಅಲೆಗಳೂ ಮರಳನ್ನು ಒಳಕ್ಕೆ ತಳ್ಳುತ್ತವೆ. ಹೀಗೆ ನೀರಿನಡಿ ಅಡ್ಡಲಾಗಿ ಬೆಳೆಯುವ ದಿಬ್ಬವನ್ನು ಇಂಗ್ಲಿಷಿನವರು ಬಾರ್ ಎನ್ನುತ್ತಾರೆ. ನೇತ್ರಾವತಿ ಮತ್ತು ಫಲ್ಗುಣಿ ಒಟ್ಟಾಗಿ ಕಡಲು ಸೇರುವ ಬೆಂಗ್ರೆಯ ಬಳಿಯಲ್ಲೂ, ಸೀತಾ ಮತ್ತು ಸುವರ್ಣಾ ನದಿಗಳು ಸೇರುವ ಕೋಡಿಬೆಂಗ್ರೆಯಲ್ಲೂ ದೋಣಿಯವರು ಆತಂಕಪಡುವುದು ಇಂತಹ ದಿಬ್ಬಕ್ಕೇ, ಏಕೆಂದರೆ ಆಳ ಕಡಿಮೆಯಾದಲ್ಲಿ ಅಲೆ ಮೇಲೆದ್ದು ಒಡೆಯುತ್ತದೆ. ನಮ್ಮವರು ಆ ಜಾಗವನ್ನು ‘ಅಳಿವೆಬಾಗಿಲು’ ಎನ್ನುತ್ತಾರೆ. ಕನ್ನಡ ಅಲ್ಲಿ ಬಾಗಿಲನ್ನು ಕಂಡಿತು, ಇಂಗ್ಲಿಷ್ ಆ ಬಾಗಿಲಿನ ಅಗುಳಿಯನ್ನು ಕಂಡಿತು. ಈ ಹೊಂದಿಕೆ ನನಗೆ ಬಹಳ ಪ್ರಿಯವಾದುದು. ಹಳೆಯ ಬಂದರಿಗೆ ದೊಡ್ಡ ಹಡಗುಗಳು ಬರಲಾಗದೆ ಹೊರಗಡಲಲ್ಲೇ ಲಂಗರು ಹಾಕುತ್ತಿದ್ದುದು, 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರನ್ನು ಅಳಿವೆಯಿಂದ ದೂರ ಪಣಂಬೂರಿನಲ್ಲಿ ನಿರ್ಮಿಸಿದ್ದು, ಇವೆರಡನ್ನೂ ನೆನೆದರೆ ಈ ಅರ್ಥ ಮರೆಯುವುದಿಲ್ಲ.

‘ಬಾರ್ ನನ್’ ಎಂಬ ನುಡಿಗಟ್ಟಿನಲ್ಲಿ ಪದಕ್ಕೆ ‘ಹೊರತು’ ಎಂಬ ಅರ್ಥ. ಯಾರನ್ನೂ ಹೊರಗಿಡದೆ ಎಂಬುದು ಒಟ್ಟು ಭಾವ.

ಒತ್ತಡವನ್ನು ಅಳೆಯುವ ಬಾರ್ ಮಾತ್ರ ಈ ಕುಟುಂಬಕ್ಕೆ ಸೇರಿಲ್ಲ. ಅದು ಭಾರ ಎಂಬರ್ಥದ ಗ್ರೀಕ್ ‘ಬರೋಸ್’ನಿಂದ ಬಂದುದು, ಬ್ಯಾರೋಮೀಟರ್ ಅದರ ಒಡಹುಟ್ಟು. ಒಂದು ಬಾರ್ ಎಂದರೆ 1,00,000 ಪಾಸ್ಕಲ್, ಸಮುದ್ರಮಟ್ಟದ ಸರಾಸರಿ ವಾಯುಒತ್ತಡ ಸುಮಾರು 1013 ಮಿಲಿಬಾರ್. ಚಂಡಮಾರುತದ ವರದಿಯಲ್ಲಿ ಕಾಣುವ ಹೆಕ್ಟೋಪಾಸ್ಕಲ್ ಇದೇ ಮಿಲಿಬಾರಿನ ಇನ್ನೊಂದು ಹೆಸರು.